ಪುಟಕ್ಕೆ ಪಟ ತರುವ ಒಂದು ಸಾಲು

ಮಳೆ ಬಿಡುವ ಲಕ್ಷಣವಿಲ್ಲ. ರಸ್ತೆಯ ಅಂಚಿನಲ್ಲಿ ಹುಡುಗಿಯೊಬ್ಬಳು ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಪಕ್ಕದಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ರಸ್ತೆಯೇ ತರಗತಿ. ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಈ ಪಟ 2021ರ ಜೂನ್‌ನಲ್ಲಿ ದೇಶವಿಡೀ ಓಡಾಡಿತು. ನೆಟ್‌ವರ್ಕ್ ಇಲ್ಲದ ಊರಿನ ಕಷ್ಟ ನೆಟ್‌ವರ್ಕಿನ ಬೆನ್ನೇರಿಯೇ ದಿಲ್ಲಿಯವರೆಗೆ ಹೋಯಿತು.

ಒಂದು ಪಟದ ಬಲ ಏನೆಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಪುತ್ತೂರು ಜಾತ್ರೆಯ ಬೆಡಿ ಆಕಾಶದಲ್ಲಿ ಆರುವ ಮೊದಲೇ ಅದರ ಪಟ ದುಬೈ ತಲುಪಿರುತ್ತದೆ. ಕೊಳೆರೋಗ ಬಂದು ಉದುರಿದ ಹಸಿರು ಅಡಿಕೆ, ಕುಮಾರಧಾರಾ ಸ್ನಾನಘಟ್ಟಕ್ಕೆ ನುಗ್ಗಿದ ನೆರೆ, ಮಗುವಿನ ಮೊದಲ ಯಕ್ಷಗಾನ ವೇಷ, ಎಲ್ಲವೂ ಫೋನಿನಿಂದ ಫೋನಿಗೆ ಹಾರುತ್ತವೆ. ಅಲ್ಲಿ ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು.

ಆದರೆ ಹಾಗೆ ಹಾರಿದ ಪಟ ಮೂರು ದಿನದಲ್ಲಿ ಯಾರಿಗೂ ಸಿಗದಂತೆ ಮುಳುಗಿಹೋಗುತ್ತದೆ. ಅದು ನಿಲ್ಲಬೇಕಾದರೆ ಒಂದು ಪುಟ ಬೇಕು. ಶಾಲೆಯ ಜಾಲತಾಣ, ಯುವಕಮಂಡಲದ ಪುಟ, ಹೋಮ್‌ಸ್ಟೇಯ ಪುಟ, ಕಸಿಗಿಡ ಮಾರುವ ನರ್ಸರಿಯ ಪುಟ, ಯಾವುದಾದರೂ ಸರಿ. ಆ ಪುಟಕ್ಕೆ ಪಟ ತಂದು ಕೂರಿಸುವುದು ಒಂದೇ ಒಂದು ಸಾಲು. ದಿನಕ್ಕೆ ನೂರು ಸಲ ಅದರ ಫಲವನ್ನು ನಾವು ನೋಡುತ್ತೇವೆ, ಆ ಸಾಲನ್ನು ಮಾತ್ರ ಕಂಡವರು ಕಡಿಮೆ. ಕಂಡವರೂ ಅದರ ಅರ್ಧವನ್ನಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ ಎಂಬುದು ನನ್ನ ತಕರಾರು.

ಭಾಗವತರ ಪುಸ್ತಕದ ಗುರುತು

ಜಾಲಪುಟ ಬರೆಯುವ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಹೆಸರು ಕೇಳಿ ಗಾಬರಿಯಾಗುವುದು ಬೇಡ. ಅದು ಲೆಕ್ಕ ಮಾಡುವ ಭಾಷೆಯಲ್ಲ, ಗುರುತು ಹಾಕುವ ಭಾಷೆ.

ಯಕ್ಷಗಾನದ ಪ್ರಸಂಗ ಪುಸ್ತಕ ತೆರೆದು ನೋಡಿ. ಪದ್ಯದ ತಲೆಯ ಮೇಲೆ ರಾಗ ಇಂಥದ್ದು, ತಾಳ ಇಂಥದ್ದು ಎಂದು ಬರೆದಿರುತ್ತದೆ. ಭಾಗವತರು ಅದನ್ನು ಹಾಡುವುದಿಲ್ಲ, ಅದರಂತೆ ಹಾಡುತ್ತಾರೆ. ಎಚ್‌ಟಿಎಂಎಲ್ ಗುರುತುಗಳೂ ಹಾಗೆಯೇ. ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್ ಇಲ್ಲಿ ಭಾಗವತ. ಇದು ತಲೆಬರಹ, ಇದು ಪ್ಯಾರಾ, ಇಲ್ಲೊಂದು ಪಟ ಎಂಬ ಗುರುತುಗಳನ್ನು ಅದು ಓದಿಕೊಂಡು ಅದರಂತೆ ಪುಟವನ್ನು ಬಿಡಿಸಿ ತೋರಿಸುತ್ತದೆ. ಗುರುತುಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಪಟದ ಗುರುತು ಐ, ಎಂ, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ. ಶಾಲೆಯ ಗಣಿತದಲ್ಲಿ ‘ಇದಕ್ಕಿಂತ ಅದು ಕಡಿಮೆ’ ಎಂದು ತೋರಿಸಲು ಒಂದು ಕೊಕ್ಕೆ ಹಾಕುತ್ತಿದ್ದೆವಲ್ಲ, ಆ ಕೊಕ್ಕೆಯಿಂದ ಸಾಲು ಶುರು. ‘ಹೆಚ್ಚು’ ಎಂದು ತೋರಿಸುವ ಎದುರು ಕೊಕ್ಕೆಯಿಂದ ಕೊನೆ. ನಡುವೆ ಐಎಂಜಿ ಎಂದು ಬರೆದು, ಅದರ ಬಳಿಕ ಎಸ್‌ಆರ್‌ಸಿ ಎಂಬ ಮೂರಕ್ಷರ, ಒಂದು ಸಮ ಚಿಹ್ನೆ, ಉದ್ಧರಣ ಚಿಹ್ನೆಯೊಳಗೆ ಪಟದ ವಿಳಾಸ. ಇಷ್ಟಾದರೆ ಪಟ ಬಂತು. ಪ್ಯಾರಾಕ್ಕೆ, ತಲೆಬರಹಕ್ಕೆ ಇರುವಂತೆ ಮುಗಿಸುವ ಗುರುತು ಇದಕ್ಕೆ ಬೇರೆ ಬೇಕಿಲ್ಲ.

ಎಸ್‌ಆರ್‌ಸಿ ಎಂದರೆ ಮೂಲ. ಇದೊಂದು ಮಾತು ಗಟ್ಟಿಯಾಗಿ ತಲೆಯಲ್ಲಿ ಕೂತರೆ ಉಳಿದ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಸುರಂಗದ ನೀರು, ದಂಬೆಯ ದಾರಿ

ನಾವು ಆಲ್ಬಮ್ಮಿಗೆ ಫೋಟೊ ಅಂಟಿಸುವಂತೆ ಪುಟಕ್ಕೆ ಪಟ ಅಂಟಿಸುತ್ತೇವೆ ಎಂದುಕೊಂಡಿರುತ್ತೇವೆ. ಹಾಗಲ್ಲ. ಪುಟದೊಳಗೆ ಪಟ ಇಲ್ಲವೇ ಇಲ್ಲ, ಪಟ ಇರುವ ಜಾಗದ ವಿಳಾಸ ಮಾತ್ರ ಇದೆ. ಪುಟ ತೆರೆದಾಗಲೆಲ್ಲ ಬ್ರೌಸರ್ ಆ ವಿಳಾಸಕ್ಕೆ ಹೋಗಿ ಪಟವನ್ನು ಕರೆತಂದು ಇಲ್ಲಿ ಕೂರಿಸುತ್ತದೆ.

ಪುತ್ತೂರು, ಸುಳ್ಯದಿಂದ ಕಾಸರಗೋಡಿನವರೆಗಿನ ಗುಡ್ಡದ ಮನೆಗಳಲ್ಲಿ ಸುರಂಗ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಇರುವುದು ಗುಡ್ಡದ ಹೊಟ್ಟೆಯಲ್ಲಿ. ಅಲ್ಲಿಂದ ಅಡಿಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ. ಟಾಂಕಿ ನೋಡಿದವರಿಗೆ ನೀರು ಅಲ್ಲಿಯದೇ ಅನ್ನಿಸುತ್ತದೆ. ಮೇಲೆ ದಂಬೆ ಜಾರಿತೋ ಸುರಂಗ ಬತ್ತಿತೋ, ಆಗ ಗೊತ್ತಾಗುತ್ತದೆ.

ಜಾಲದಲ್ಲೂ ದಂಬೆ ಜಾರುವುದುಂಟು. ಲಕ್ಷಾಂತರ ಜನ ತಮ್ಮ ಪಟಗಳನ್ನು ಫೋಟೊಬಕೆಟ್ ಎಂಬ ತಾಣದಲ್ಲಿ ಪುಕ್ಕಟೆಯಾಗಿ ಇಟ್ಟು, ಅದರ ವಿಳಾಸವನ್ನು ತಮ್ಮ ಪುಟಗಳಲ್ಲಿ ಬರೆದುಕೊಂಡಿದ್ದರು. 2017ರ ನಡುವಿನಲ್ಲಿ ಆ ಸಂಸ್ಥೆ, ಬೇರೆ ಪುಟಗಳಿಗೆ ಪಟ ಹರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಎಂದಿತು. ರಾತ್ರಿ ಬೆಳಗಾಗುವುದರೊಳಗೆ ಪ್ರಪಂಚದ ಎಷ್ಟೋ ಪುಟಗಳಲ್ಲಿ ಪಟ ಇದ್ದಲ್ಲಿ ಖಾಲಿ ಚೌಕ. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಮುಚ್ಚಿದಾಗ ಪುಟಗಳೂ ಪಟಗಳೂ ಒಟ್ಟಿಗೇ ಹೋಗಿದ್ದವು.

ಪಕ್ಕದವರ ಸುರಂಗಕ್ಕೆ ಕೇಳದೆ ಪೈಪು ಹಾಕುವವರೂ ಇದ್ದಾರೆ. ಬೇರೆಯವರ ತಾಣದಲ್ಲಿರುವ ಪಟದ ವಿಳಾಸವನ್ನೇ ತಂದು ತಮ್ಮ ಸಾಲಿನಲ್ಲಿ ಬರೆಯುವುದು. ಪಟ ನಮ್ಮ ಪುಟದಲ್ಲಿ ಕಾಣುತ್ತದೆ, ಅದನ್ನು ಹರಿಸುವ ಖರ್ಚು ಅವರ ತಲೆಗೆ. ಅವರು ಎಚ್ಚೆತ್ತು ಆ ಹೆಸರಿನಲ್ಲಿ ಬೇರೇನಾದರೂ ಪಟ ಇಟ್ಟರೆ, ನಮ್ಮ ಪುಟದಲ್ಲಿ ಅದೇ ಕಾಣುತ್ತದೆ. ಮದುವೆ ಕಾಗದದಲ್ಲಿ ಎಮ್ಮೆಯ ಪಟ ಬಂದರೂ ಕೇಳುವ ಹಾಗಿಲ್ಲ.

ನನಗೆ ಕಾಣ್ತದಲ್ಲ?

ನಮ್ಮೂರ ಸಂಘವೊಂದಕ್ಕೆ ಪುಟ ಮಾಡಿಕೊಟ್ಟ ಹುಡುಗ ಒಂದು ಸಂಜೆ ಫೋನ್ ಮಾಡಿದ್ದ. “ಅಣ್ಣಾ, ಪಟ ಹಾಕಿದ್ದೇನೆ, ನೋಡಿ.” ನೋಡಿದೆ. ಮುರಿದ ಕಾಗದದಂಥ ಒಂದು ಸಣ್ಣ ಗುರುತು ಬಿಟ್ಟರೆ ಏನೂ ಇಲ್ಲ. “ಎಂತದೂ ಇಲ್ಲ ಮಾರಾಯ” ಎಂದೆ. “ನನಗೆ ಕಾಣ್ತದಲ್ಲ? ನಿಮಗೆ ಯಾಕೆ ಕಾಣುದಿಲ್ಲ?”

ಅವನಿಗೆ ಕಾಣುತ್ತಿದ್ದುದು ಸುಳ್ಳಲ್ಲ. ಎಸ್‌ಆರ್‌ಸಿಯಲ್ಲಿ ಅವನು ಬರೆದದ್ದು ತನ್ನದೇ ಕಂಪ್ಯೂಟರಿನ ಸಿ ಡ್ರೈವ್‌ನ ವಿಳಾಸ. ಅವನ ಬ್ರೌಸರ್ ಅವನ ಮನೆಯ ಕಪಾಟಿನಲ್ಲಿ ಹುಡುಕಿತು, ಸಿಕ್ಕಿತು. ನನ್ನ ಬ್ರೌಸರ್ ನನ್ನ ಕಪಾಟಿನಲ್ಲಿ ಹುಡುಕಿತು. ಅಲ್ಲೆಲ್ಲಿಂದ ಬರಬೇಕು? ಈ ಕೆಲಸಕ್ಕೆ ಕೈಹಚ್ಚಿದ ಪ್ರತಿಯೊಬ್ಬರೂ ಒಮ್ಮೆ ಬೀಳುವ ಗುಂಡಿ ಇದು, ನಾನೂ ಬಿದ್ದಿದ್ದೇನೆ. ಮೊದಲು ಪಟವನ್ನು ಎಲ್ಲರಿಗೂ ತಲುಪುವ ಸರ್ವರಿಗೆ ಏರಿಸಬೇಕು, ಬಳಿಕ ಅಲ್ಲಿಯ ವಿಳಾಸ ಬರೆಯಬೇಕು.

ಎರಡನೆಯ ಗುಂಡಿ ಹೆಸರಿನದ್ದು. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಹೆಚ್ಚಿನ ಸರ್ವರ್‌ಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ, ಅಲ್ಲಿ ಭೇದವಿದೆ. ಕಡತದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ದೊಡ್ಡಕ್ಷರದಲ್ಲಿದ್ದು ಸಾಲಿನಲ್ಲಿ ಸಣ್ಣಕ್ಷರ ಬರೆದರೆ, ಮನೆಯಲ್ಲಿ ಸರಿ ಕಂಡದ್ದು ಸರ್ವರಿಗೆ ಹೋದ ಮೇಲೆ ಮಾಯ.

ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದೇ? ಇಡಬಹುದು, ಈಗಿನ ಬ್ರೌಸರ್‌ಗಳು ಒಪ್ಪುತ್ತವೆ. ಆದರೆ ವಿಳಾಸವನ್ನು ನಕಲು ಮಾಡಿ ಇನ್ನೊಬ್ಬರಿಗೆ ಕಳುಹಿಸಿ ನೋಡಿ. ‘ಅಡಿಕೆ’ ಎಂಬ ಪುಟ್ಟ ಪದ ಶೇಕಡಾ ಚಿಹ್ನೆಗಳಿಂದ ತುಂಬಿದ 45 ಅಕ್ಷರಗಳ ಬಾಲವಾಗಿರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅಡಿಕೆ ಎಂದರೆ ಐದು ಚೂರು: ಅ, ಡ, ಗುಡಿಸು, ಕ, ಏತ್ವದ ಗುರುತು. ಒಂದೊಂದಕ್ಕೆ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟ್‌ಗೆ ಮೂರು ಅಕ್ಷರ. ಕಡತದ ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಇದ್ದರೆ ಸುಖ. ಕನ್ನಡಕ್ಕೆ ಈ ಸಾಲಿನಲ್ಲಿ ಬೇರೆ ಕಡೆ ಒಳ್ಳೆಯ ಜಾಗ ಉಂಟು, ಅಲ್ಲಿಗೆ ಬರುತ್ತೇನೆ.

1993ರ ಪತ್ರ

ಜಾಲ ಹುಟ್ಟಿದಾಗ ಅದರಲ್ಲಿ ಪಟ ಇರಲಿಲ್ಲ ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಜಾಲದ ಮೊದಲ ಪುಟಗಳಲ್ಲಿ ಅಕ್ಷರ ಮಾತ್ರ. ಪಟ ನೋಡಬೇಕಾದರೆ ಕೊಂಡಿ ಒತ್ತಬೇಕಿತ್ತು, ಅದು ಬೇರೆಯದೇ ಕಿಟಕಿಯಲ್ಲಿ ತೆರೆಯುತ್ತಿತ್ತು.

1993ರ ಫೆಬ್ರವರಿ 25ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಕಟ್ಟುತ್ತಿದ್ದ ಮಾರ್ಕ್ ಆಂಡ್ರೀಸನ್ ತನ್ನ ಜೊತೆಗಾರರಿಗೆ ಒಂದು ಪತ್ರ ಬರೆದ. ಐಎಂಜಿ ಎಂದೊಂದು ಹೊಸ ಗುರುತು ಇರಲಿ, ಅದಕ್ಕೆ ಎಸ್‌ಆರ್‌ಸಿ ಎಂದು ವಿಳಾಸ ಇರಲಿ ಎಂಬುದು ಅವನ ಸಲಹೆ. ಬರ್ನರ್ಸ್-ಲೀಗೆ ಬೇರೆ ಮನಸ್ಸಿತ್ತು. ಉಳಿದವರೂ ತಮ್ಮ ತಮ್ಮ ದಾರಿ ಹೇಳಿದರು. ಚರ್ಚೆ ನಡೆಯುತ್ತಿರುವಾಗಲೇ ಮೊಸಾಯಿಕ್‌ನಲ್ಲಿ ಐಎಂಜಿ ಬಂದೇಬಿಟ್ಟಿತು. ಅಕ್ಷರದ ಪಕ್ಕದಲ್ಲೇ ಬಣ್ಣದ ಪಟ ಕಂಡ ಜನ ಮತ್ತೆ ಹಿಂದೆ ತಿರುಗಿ ನೋಡಲಿಲ್ಲ. ಅದಕ್ಕಿಂತ ಚಂದದ ದಾರಿ ಇತ್ತೋ ಏನೋ, ಮೊದಲು ತೆರೆದ ಅಂಗಡಿಗೇ ವ್ಯಾಪಾರ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ, 1996ರಲ್ಲಿ, ಯು.ಬಿ. ಪವನಜರ ‘ವಿಶ್ವಕನ್ನಡ’ ಜಾಲಪತ್ರಿಕೆ ಹುಟ್ಟಿತು. ಆಗ ಕನ್ನಡದ ಮುಂದಿದ್ದ ಕಷ್ಟ ಪಟದ್ದಲ್ಲ, ಅಕ್ಷರದ್ದು.

ಅಕ್ಷರವೇ ಪಟವಾದಾಗ

ಓದುವವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಪುಟದಲ್ಲಿ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಚೂರುಗಳು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್. ಈ ತಾಪತ್ರಯಕ್ಕೆ ಹಲವರು ಕಂಡುಕೊಂಡ ಉಪಾಯ ಐಎಂಜಿ ಗುರುತೇ. ಕನ್ನಡದಲ್ಲಿ ಬರೆದು, ಆ ಬರಹವನ್ನೇ ಪಟವಾಗಿ ಉಳಿಸಿ, ಪುಟದಲ್ಲಿ ತೂಗುಹಾಕುವುದು. ಫಾಂಟ್ ಇರಲಿ ಬಿಡಲಿ, ಎಲ್ಲರಿಗೂ ಕಾಣುತ್ತಿತ್ತು.

ಚರಿತ್ರೆ ಎರಡು ಸಲ ನಡೆದಂತೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ಕಲ್ಲಚ್ಚು ಎಂದರೆ ಮೊಳೆ ಜೋಡಿಸುವುದಲ್ಲ, ಕೈಬರಹವನ್ನು ಪಟದಂತೆ ಕಲ್ಲಿಗಿಳಿಸಿ ಒತ್ತುವುದು. ಕಾಗದದ ಪತ್ರಿಕೆಗೂ ಗಾಜಿನ ಪರದೆಗೂ ಕನ್ನಡ ಪಟದ ವೇಷದಲ್ಲೇ ಬಂತು ಎಂದಾಯಿತು.

ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಅಂಕಿ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಸಾಮಾನ್ಯರ ಮೇಜಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಫೋನ್‌ಗಳಲ್ಲಿ ಒತ್ತಕ್ಷರ ನೆಟ್ಟಗೆ ಕೂರಲು ಮತ್ತೂ ಸುಮಾರು ಹತ್ತು ವರ್ಷ ಹಿಡಿಯಿತು. ಈಗ ಆ ಕಷ್ಟ ಯಾವುದೂ ಇಲ್ಲ. ಆದರೂ ಬ್ರಹ್ಮಕಲಶೋತ್ಸವದ ಆಮಂತ್ರಣ, ನೇಮೋತ್ಸವದ ಕರೆಯೋಲೆ, ಸಹಕಾರಿ ಸಂಘದ ಮಹಾಸಭೆಯ ತಿಳಿವಳಿಕೆ, ಅಡಿಕೆ ಧಾರಣೆಯ ಪಟ್ಟಿ, ಇವೆಲ್ಲ ಇಂದಿಗೂ ಬರುವುದು ಪಟವಾಗಿಯೇ.

ಪಟವಾದ ಅಕ್ಷರವನ್ನು ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. ಅದರಲ್ಲಿರುವ ಫೋನ್ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಹತ್ತು ವರ್ಷ ಕಳೆದು ‘ನಮ್ಮೂರ ಬ್ರಹ್ಮಕಲಶ ಆದದ್ದು ಯಾವ ವರ್ಷ?’ ಎಂದು ಹುಡುಕುವವನ ಕೈಗೆ ಏನೂ ಬರುವುದಿಲ್ಲ. ಆಮಂತ್ರಣದ ಚಂದಕ್ಕೆ ಪಟ ಇರಲಿ, ಬೇಡ ಎನ್ನುವುದಿಲ್ಲ. ಅದರ ಕೆಳಗೆ ದಿನಾಂಕ, ಸ್ಥಳ, ಕಾರ್ಯಕ್ರಮವನ್ನು ಅಕ್ಷರದಲ್ಲೂ ಬರೆದರೆ ಕಳೆದುಕೊಳ್ಳುವುದು ಐದು ನಿಮಿಷ.

ಅಕ್ಷರವನ್ನು ಪಟವಾಗಿ ಹಾಕುವುದು ನಿಜವಾಗಿ ಅನಿವಾರ್ಯವಾಗಿದ್ದ ಒಂದು ಲಿಪಿ ನಮ್ಮ ಮಗ್ಗುಲಲ್ಲೇ ಇದೆ. ತುಳು ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16ನೇ ಆವೃತ್ತಿಯಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಆವರೆಗೆ ಆ ಲಿಪಿಯ ತಾಳೆಗರಿಯ ಒಂದು ಸಾಲನ್ನು ಪುಟದಲ್ಲಿ ತೋರಿಸುವ ಸರಳ ದಾರಿ ಐಎಂಜಿ ಒಂದೇ. 2016ರ ಆಗಸ್ಟ್‌ನಲ್ಲಿ ಶುರುವಾದ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲೇ ನಡೆಯುತ್ತಿದೆ.

ಬಾಲವನದ ಪಾಠ

ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನ ಇದೆ. ಅಲ್ಲಿ ನಿಂತಾಗಲೆಲ್ಲ ನನಗೆ ಅವರ ಕಾದಂಬರಿಗಳಿಗಿಂತ ಮೊದಲು ನೆನಪಾಗುವುದು ‘ಬಾಲಪ್ರಪಂಚ’. 1936ರಲ್ಲಿ ಮಕ್ಕಳಿಗಾಗಿ ಅವರು ಹೊರತಂದ ಮೂರು ಸಂಪುಟಗಳ ವಿಶ್ವಕೋಶ. ಬಳಿಕ ದೊಡ್ಡವರಿಗೆಂದು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ. ಓದುವವರಿಗೆ ಮಾತಿನ ಜೊತೆ ಪಟವೂ ಬೇಕು ಎಂದು ಹಟ ಹಿಡಿದು ದುಡಿದ ಪುಸ್ತಕಗಳು ಅವು.

ಅಂದಿನ ಅಚ್ಚುಮನೆಯಲ್ಲಿ ಪುಟಕ್ಕೆ ಪಟ ತರುವುದು ಹುಡುಗಾಟವಲ್ಲ. ಪಟವನ್ನು ಲೋಹದ ತಗಡಿಗೆ ಕೊರೆಸಿ, ಮರದ ತುಂಡಿಗೆ ಬಡಿದು ಬ್ಲಾಕ್ ಮಾಡಿಸಬೇಕು. ಅದರ ಎತ್ತರ ಅಕ್ಷರದ ಮೊಳೆಯ ಎತ್ತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಬ್ಲಾಕಿಗೆ ದುಡ್ಡು, ಅದನ್ನು ತರಿಸಲು ದಿನಗಳು. ಒಂದು ಪಟ ಹಾಕುವ ಮೊದಲು ಸಂಪಾದಕ ಹತ್ತು ಸಲ ಯೋಚಿಸುತ್ತಿದ್ದ. ಹಾಕಿದ ಮೇಲೆ ಅದರ ಕೆಳಗೆ ಇದೇನು, ಎಲ್ಲಿಯದು ಎಂದು ಒಂದು ಸಾಲು ಬರೆಯದೆ ಬಿಡುತ್ತಿರಲಿಲ್ಲ.

ಈಗ ಪಟ ಪುಕ್ಕಟೆ, ಆ ಒಂದು ಸಾಲೇ ತುಟ್ಟಿ.

ಖಾಲಿ ಬಿಟ್ಟ ಜಾಗ

ಐಎಂಜಿ ಸಾಲಿನ ಉಳಿದರ್ಧ ಇರುವುದು ಇಲ್ಲೇ. ವಿಳಾಸದ ಬಳಿಕ ಆಲ್ಟ್ ಎಂಬ ಇನ್ನೊಂದು ಅಂಕಣ ಇದೆ. ಪಟಕ್ಕೆ ಬದಲಿ ಮಾತು ಎಂದು ಅರ್ಥ. ಪಟದಲ್ಲಿ ಏನಿದೆ ಎಂಬುದನ್ನು ಅಲ್ಲಿ ನೇರ ಮಾತಿನಲ್ಲಿ, ಕನ್ನಡದಲ್ಲೇ ಬರೆಯಬೇಕು. 1997ರ ಎಚ್‌ಟಿಎಂಎಲ್ ನಾಲ್ಕನೇ ಆವೃತ್ತಿಯಿಂದ ಅದು ಕಡ್ಡಾಯ. ಕಡ್ಡಾಯ ಎಂದು ಬರೆದಿದೆ ಅಷ್ಟೆ, ಬಿಟ್ಟರೂ ಪಟ ಕಾಣುತ್ತದೆ. ಹಾಗಾಗಿ ಎಲ್ಲರೂ ಬಿಡುತ್ತಾರೆ.

ಬರೆದರೆ ಯಾರಿಗೆ ಲಾಭ? ಮೊದಲು, ಕಣ್ಣು ಕಾಣದವರಿಗೆ. ಎನ್‌ವಿಡಿಎಯಂಥ ಪರದೆ ಓದುವ ತಂತ್ರಾಂಶ ಪುಟವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾ ಹೋಗುತ್ತದೆ. ಪಟದ ಜಾಗಕ್ಕೆ ಬಂದಾಗ ಆಲ್ಟ್‌ನಲ್ಲಿರುವ ಮಾತನ್ನು ಓದುತ್ತದೆ. ಮಾತಿಲ್ಲದಿದ್ದರೆ ಕಡತದ ಹೆಸರನ್ನೋ, ಬರೀ ‘ಚಿತ್ರ’ ಎಂದೋ ಹೇಳಿ ಮುಂದೆ ಹೋಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮಾಹಿತಿ ಎಲ್ಲರಿಗೂ ತಲುಪುವಂತಿರಬೇಕು ಎನ್ನುತ್ತದೆ. ಸರ್ಕಾರಿ ಜಾಲತಾಣಗಳಿಗೆ 2009ರಿಂದಲೇ ಈ ಬಗ್ಗೆ ಮಾರ್ಗಸೂಚಿ ಇದೆ.

ಎರಡನೆಯದಾಗಿ, ನಮಗೆಲ್ಲರಿಗೆ. ಸುಬ್ರಹ್ಮಣ್ಯದಿಂದ ಬಿಸಿಲೆ ಕಡೆ ಹತ್ತುವಾಗಲೋ, ಕೊಲ್ಲಮೊಗ್ರು, ಕಲ್ಮಕಾರು ಕಡೆಯ ಮನೆಯ ಜಗಲಿಯಲ್ಲೋ ಪುಟ ತೆರೆದರೆ ಅಕ್ಷರ ಬರುತ್ತದೆ, ಪಟ ಬರುವುದಿಲ್ಲ. ಖಾಲಿ ಚೌಕದಲ್ಲಿ ಆಲ್ಟ್‌ನ ಮಾತು ಕಾಣುತ್ತದೆ. ಪಟ ಬರದಿದ್ದರೂ ಸುದ್ದಿ ಬಂತು. ನೆಟ್‌ವರ್ಕ್ ಇಲ್ಲದ ಊರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ. ನಾವೇ ಅದನ್ನು ಬಳಸುವುದಿಲ್ಲ.

ಮೂರನೆಯದು, ಹುಡುಕುವ ಯಂತ್ರ. ಪಟ ಯಾವುದರದು ಎಂದು ತಿಳಿಯಲು ಗೂಗಲ್ ನೋಡುವ ಸುಳಿವುಗಳಲ್ಲಿ ಆಲ್ಟ್‌ನ ಮಾತೂ ಒಂದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸುಳ್ಯ, ಕಡಬದ ತೋಟಗಳನ್ನು ಈಗ ಕಾಡುತ್ತಿರುವುದು ಎರಡು: ಸಂಪಾಜೆ ಕಡೆಯಿಂದ ಬಹಳ ಹಿಂದೆಯೇ ಕೇಳಿಬಂದ ಹಳದಿ ಎಲೆ ರೋಗ, ಇತ್ತೀಚಿನ ವರ್ಷಗಳಲ್ಲಿ ಹಬ್ಬಿದ ಎಲೆಚುಕ್ಕಿ ರೋಗ. ದೂರದಿಂದ ನೋಡಿದರೆ ಎರಡರಲ್ಲೂ ತೋಟ ಹಳದಿ. ಹತ್ತಿರ ಹೋದರೆ ಬೇರೆ ಬೇರೆ. ಹಳದಿ ರೋಗದಲ್ಲಿ ಕೆಳಗಿನ ಸೋಗೆಗಳ ಎಲೆತುದಿಯಿಂದ ಹಳದಿ ಶುರುವಾಗಿ ಒಳಕ್ಕೆ ಬರುತ್ತದೆ. ಎಲೆಚುಕ್ಕಿಯಲ್ಲಿ ಹಳದಿ ಅಂಚಿನ ಕಂದು ಚುಕ್ಕೆಗಳು ಮೂಡಿ, ಒಂದಕ್ಕೊಂದು ಸೇರಿ ಎಲೆ ಒಣಗುತ್ತದೆ. ಮೊದಲನೆಯದು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕೆಲಸ, ಔಷಧಿ ಹೊಡೆದು ಗುಣವಾಗುವುದಿಲ್ಲ. ಎರಡನೆಯದು ಶಿಲೀಂಧ್ರ, ಸಿಂಪಡಣೆಯಿಂದ ಹತೋಟಿ ಸಾಧ್ಯ. ಎರಡಕ್ಕೂ ಒಂದೇ ಔಷಧಿ ಹೊಡೆದರೆ ಹೋಗುವುದು ರೈತನ ದುಡ್ಡು.

ಈಗ ಕೃಷಿಕರ ಪುಟವೊಂದರಲ್ಲಿ ಇವೆರಡರ ಪಟ ಇದೆ ಎಂದುಕೊಳ್ಳಿ. ಆಲ್ಟ್‌ನಲ್ಲಿ ‘ಪಟ 1’, ‘ಪಟ 2’ ಎಂದು ಬರೆದರೆ ಬರೆಯದಿದ್ದಂತೆ. ‘ಅಡಿಕೆ ರೋಗ’ ಎಂದರೆ ಅರ್ಧ ಬಂತು. ‘ಅಡಿಕೆ ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು, ಎಲೆಚುಕ್ಕಿ ರೋಗ, ಮರ್ಕಂಜ’ ಎಂದರೆ ಪಟ ನೋಡಲಾಗದವನಿಗೂ ಗೊತ್ತಾಯಿತು, ಹುಡುಕುವವನಿಗೂ ಸಿಕ್ಕಿತು. ವಿಟ್ಲದಲ್ಲೋ ಕಿದುವಿನಲ್ಲೋ ಇರುವ, ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ಕೇಂದ್ರದ ವಿಜ್ಞಾನಿಗೂ ಯಾವ ಊರಿನ ಮಾತು ಇದು ಎಂದು ತಿಳಿಯಿತು.

ಎಲ್ಲ ಪಟಕ್ಕೂ ಇಷ್ಟುದ್ದ ಬೇಕಿಲ್ಲ. ಪುಟದ ಅಂಚಿಗೆ ಬರೀ ಅಲಂಕಾರಕ್ಕೆ ಹಾಕಿದ ಬಳ್ಳಿಯ ಪಟಕ್ಕೆ ಆಲ್ಟ್ ಬರೆದು ಒಳಗೆ ಏನೂ ಇಡದೆ ಬಿಡುವುದೇ ಸರಿ, ಆಗ ಪರದೆ ಓದುವ ತಂತ್ರಾಂಶ ಅದನ್ನು ದಾಟಿ ಹೋಗುತ್ತದೆ. ‘ಇದು ಒಂದು ಪಟ’ ಎಂದು ಶುರುಮಾಡುವ ಅಗತ್ಯವೂ ಇಲ್ಲ. ಫೋನಿನಲ್ಲಿ ತೋಟದ ವಿಷಯ ಹೇಳುವಾಗ ಹೇಗೆ ಹೇಳುತ್ತೇವೋ ಹಾಗೆ ಬರೆದರೆ ಸಾಕು.

ಭಾರದ ಲೆಕ್ಕ

ಈಗಿನ ಸಾಧಾರಣ ಫೋನು ತೆಗೆಯುವ ಪಟ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ. ಒಟ್ಟು ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿ. ಜೆಪೆಗ್ ರೂಪದಲ್ಲಿ ಮಡಚಿಟ್ಟರೂ ಮೂರು-ನಾಲ್ಕು ಎಂಬಿ ಭಾರ. ಅದನ್ನು ನೋಡುವ ಫೋನಿನ ಪರದೆಯ ಅಗಲವೋ ಸಾವಿರ ಚುಕ್ಕಿಯ ಆಸುಪಾಸು. ಉಳಿದದ್ದೆಲ್ಲ ಸುಮ್ಮನೆ ಹೊತ್ತು ತಂದ ಕಲ್ಲು.

ಸೆಕೆಂಡಿಗೆ ಒಂದು ಮೆಗಾಬಿಟ್ ವೇಗ ಸಿಗುವ ಕಡೆ ನಾಲ್ಕು ಎಂಬಿ ಪಟ ಇಳಿಯಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅದೇ ಪಟವನ್ನು 1200 ಚುಕ್ಕಿ ಅಗಲಕ್ಕೆ ಇಳಿಸಿ 200 ಕೆಬಿಗೆ ತಂದರೆ ಎರಡು ಸೆಕೆಂಡಿನೊಳಗೆ ಬರುತ್ತದೆ. ಸಾಲಿನಲ್ಲಿ ವಿಡ್ತ್ ಎಂಬ ಅಂಕಣದಲ್ಲಿ ಸಣ್ಣ ಅಂಕಿ ಬರೆದರೆ ಪಟ ಸಣ್ಣದಾಗಿ ಕಾಣುತ್ತದೆ, ಭಾರ ಇಳಿಯುವುದಿಲ್ಲ. ಇದನ್ನು ತಪ್ಪು ತಿಳಿದವರೇ ಹೆಚ್ಚು. ಭಾರ ಇಳಿಸುವ ಕೆಲಸ ಪಟ ಏರಿಸುವ ಮೊದಲೇ ಆಗಬೇಕು.

ಹಾಗೆಂದು ವಿಡ್ತ್, ಹೈಟ್ ಬರೆಯುವುದು ದಂಡವಲ್ಲ. ಬರೆದರೆ ಬ್ರೌಸರ್ ಮೊದಲೇ ಅಷ್ಟು ಜಾಗ ಕಾದಿರಿಸುತ್ತದೆ. ಬರೆಯದಿದ್ದರೆ, ನಾವು ಮೂರನೇ ಪ್ಯಾರಾ ಓದುತ್ತಿರುವಾಗ ಮೇಲೆ ಪಟ ಬಂದು ಬಿದ್ದು ಅಕ್ಷರಗಳೆಲ್ಲ ಕೆಳಕ್ಕೆ ಹಾರುತ್ತವೆ.

ಮುಖ, ಮರ, ಆಕಾಶ ಇರುವ ಫೋಟೊಕ್ಕೆ ಜೆಪೆಗ್ ಸರಿ. ಕಣ್ಣಿಗೆ ಗೊತ್ತಾಗದ ವಿವರಗಳನ್ನು ಅದು ಕೈಬಿಟ್ಟು ಭಾರ ತಗ್ಗಿಸುತ್ತದೆ. ಗೆರೆ, ನಕ್ಷೆ, ಅಂಕಿ ಇರುವ ಪಟಕ್ಕೆ ಪಿಎನ್‌ಜಿ. ಅಡಿಕೆ ಧಾರಣೆಯನ್ನು ಜೆಪೆಗ್ ಮಾಡಿ ಹತ್ತು ಕೈ ದಾಟಿಸಿದರೆ 3 ಯಾವುದು, 8 ಯಾವುದು ಎಂದು ತಿಳಿಯದು.

ಯಾರ ಪಟ, ಯಾವ ಮನೆ

ಫೋನು ಪಟದ ಜೊತೆ ಇನ್ನೊಂದನ್ನು ಗುಟ್ಟಾಗಿ ಬರೆದಿಡುತ್ತದೆ. ತೆಗೆದ ದಿನ, ಗಂಟೆ ಮತ್ತು ಕ್ಯಾಮರಾದಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ ಅಕ್ಷಾಂಶ, ರೇಖಾಂಶ. ಮನೆಯಂಗಳದಲ್ಲಿ ಮಗುವಿನ ಪಟ ತೆಗೆದು ಹಾಗೇ ಪುಟಕ್ಕೆ ಏರಿಸಿದರೆ ಮನೆಯ ದಾರಿಯೂ ಜೊತೆಗೆ ಹೋಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳುಹಿಸಿದರೆ ಆ ವಿವರ ಉದುರಿಹೋಗುತ್ತದೆ, ದಾಖಲೆಯಾಗಿ ಕಳುಹಿಸಿದರೆ ಉಳಿಯುತ್ತದೆ. ಏರಿಸುವ ಮೊದಲು ಸ್ಥಳದ ಗುರುತು ಅಳಿಸುವುದು ಒಳ್ಳೆಯದು.

ಹಕ್ಕಿನ ಪ್ರಶ್ನೆಯೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, 2012ರ ತಿದ್ದುಪಡಿಯ ಬಳಿಕ, ಫೋಟೊದ ಹಕ್ಕು ತೆಗೆದವನ ಜೀವಮಾನವಿಡೀ ಮತ್ತು ಅವನು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಅದು ಸಾಮಾನ್ಯವಾಗಿ ತೆಗೆದವನದು. ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನದು. ಗೂಗಲ್‌ನಲ್ಲಿ ಸಿಕ್ಕಿತು ಎಂಬುದು ಅನುಮತಿಯಲ್ಲ. ಕಾನೂನಿನ ಆಚೆಗೂ ಮರ್ಯಾದೆ ಎಂಬುದಿದೆ. ಎಷ್ಟೋ ದೈವಸ್ಥಾನಗಳಲ್ಲಿ ಪಟ ತೆಗೆಯಬಾರದು ಎಂದು ಫಲಕ ಇರುತ್ತದೆ. ಅಲ್ಲಿ ಕದ್ದು ತೆಗೆದ ಪಟಕ್ಕೆ ಎಂಥ ಚಂದದ ಆಲ್ಟ್ ಬರೆದರೂ ಪ್ರಯೋಜನವಿಲ್ಲ.

ಬಿಡುವಾಗಿ ಬಳಸಲು ಪಟ ಬೇಕಾದವರಿಗೆ ವಿಕಿಮೀಡಿಯ ಕಾಮನ್ಸ್ ಇದೆ. ತೆಗೆದವರ ಹೆಸರು ಹೇಳಿ, ಅವರು ಹಾಕಿದ ಷರತ್ತಿನಂತೆ ಬಳಸಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಪಟ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ವಿಕಿಪೀಡಿಯದಲ್ಲಿ ಬರೆಯುವವರು ಐಎಂಜಿ ಗುರುತು ಹಾಕಬೇಕಿಲ್ಲ. ಎರಡು ಚೌಕ ಕಂಸದೊಳಗೆ ‘ಚಿತ್ರ’ ಎಂಬ ಕನ್ನಡ ಪದವನ್ನೇ ಬರೆದು, ಎರಡು ಚುಕ್ಕಿ ಇಟ್ಟು, ಕಡತದ ಹೆಸರು ಹಾಕಿದರಾಯಿತು. ತೆರೆಯ ಹಿಂದೆ ಅದು ಐಎಂಜಿ ಸಾಲಾಗಿ ಬದಲಾಗುತ್ತದೆ. ಕರಾವಳಿಯ ವಿಕಿಮೀಡಿಯ ಬಳಗದವರು ಕನ್ನಡ, ತುಳು, ಕೊಂಕಣಿ ಮೂರರಲ್ಲೂ ಈ ಕೆಲಸ ಮಾಡುತ್ತಾ ಬಂದಿದ್ದಾರೆ.

ಇದನ್ನೆಲ್ಲ ಕಲಿಯಲು ಕೋರ್ಸು ಬೇಕಿಲ್ಲ. ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ತೆರೆಯಿರಿ, ಒಂದು ಸಾಲು ಬರೆಯಿರಿ, ಕಡತದ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಎಚ್‌ಟಿಎಂಎಲ್ ಎಂದು ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ. ಪಟವನ್ನೂ ಅದೇ ಕೋಶದಲ್ಲಿ ಇಟ್ಟಿರಬೇಕು. ಕಾಣದಿದ್ದರೆ ಹೆಸರಿನ ಅಕ್ಷರ ತಪ್ಪಿರುತ್ತದೆ, ಇಲ್ಲವೇ ಉದ್ಧರಣ ಚಿಹ್ನೆಯೊಂದು ಬಿಟ್ಟುಹೋಗಿರುತ್ತದೆ. ಮೂರನೇ ಸಲಕ್ಕೆ ಬರುತ್ತದೆ.

ಬಂದ ಮೇಲೆ ಏಳಬೇಡಿ. ಆಲ್ಟ್ ಇನ್ನೂ ಖಾಲಿ ಇದೆ. ಪಟದಲ್ಲಿರುವುದು ಯಾವ ಊರು, ಯಾವ ಮರ, ಯಾವ ವರ್ಷದ ನೆರೆ ಎಂದು ಅಲ್ಲಿ ಕನ್ನಡದಲ್ಲೇ ಬರೆಯಿರಿ.